ಹುಚ್ಚಮ್ಮ ಎಣಿಸದೆ ಬಿಟ್ಟ ಕೂಸು

ಅಜ್ಜಂಪುರದಿಂದ ಅಂತರಘಟ್ಟೆ ಕಡೆಗೆ ಹೋಗುವ ರಸ್ತೆಯಲ್ಲಿ ನಾಲ್ಕು ಮೈಲಿ ದಾಟಿದರೆ ಸಿಗುವ ಊರಿನಲ್ಲಿ ಹುಚ್ಚಮ್ಮನ ಮನೆ ಎಲ್ಲಿ ಅಂತ ಕೇಳಿದರೆ ಚಡ್ಡಿ ಹಾಕದ ಮಕ್ಕಳೂ ಕೈ ತೋರಿಸುತ್ತವೆ. ಹೆಸರು ಕೇಳಿ ನಗಬೇಡಿ. ಅವಳಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ಹದಿನೈದು ದಿನ ಉಳಿಯಲಿಲ್ಲವಂತೆ. ಮೂರನೆಯದಕ್ಕೆ ಹುಚ್ಚಿ ಅಂತ ಕರೆದರೆ ಯಮನೂ ಬೇಡವೆಂದು ಬಿಟ್ಟು ಹೋಗುತ್ತಾನೆ ಎಂದು ಅವಳವ್ವ ಯೋಚಿಸಿದ್ದಳು. ಯಮ ಮೋಸ ಹೋದನೋ ಏನೋ, ಹುಚ್ಚಮ್ಮನಿಗೆ ಈಗ ಅರವತ್ತರ ಹತ್ತಿರ. ಬುದ್ಧಿಯಲ್ಲಿ ಊರಿನ ಅರ್ಧ ಗಂಡಸರನ್ನು ಕಟ್ಟಿಹಾಕಬಲ್ಲವಳು.

ಅವಳ ಕಸುಬು ಕೂಸು ಎರೆಯುವುದು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಎತ್ತಿ, ಎರಡೂ ಕಾಲು ನೀಡಿ, ಆ ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡಳೆಂದರೆ ಬಾಣಂತಿಗೆ ಅರ್ಧ ಗಂಟೆ ನೆಮ್ಮದಿ. ಹರಳೆಣ್ಣೆ ತಿಕ್ಕಿ, ಹದವಾದ ಬಿಸಿನೀರು ಹೊಯ್ದು, ಮೂಗು ತೀಡಿ, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಆ ಕೂಸು ಮೂರು ಗಂಟೆ ಮಿಸುಕುತ್ತಿರಲಿಲ್ಲ. ಮೊದಲು ತನ್ನ ಕೇರಿಯ ಕೂಸುಗಳಷ್ಟೇ ಇದ್ದವು. ಆಮೇಲೆ ಮೇಲಿನ ಬೀದಿಯವರೂ ಕರೆಯತೊಡಗಿದರು. ಹಿಂದೆ ಬಾವಿಯ ಹತ್ತಿರ ಬಿಡದಿದ್ದ ಮನೆಗಳವರು ಬಚ್ಚಲಿನವರೆಗೂ ಕರೆದುಕೊಂಡು ಹೋದರು. ನಡುಮನೆಯ ಮಾತು ಬೇರೆ, ಅದು ಇರಲಿ. ತಾನು ಎರೆದ ಕೂಸುಗಳನ್ನು ಹುಚ್ಚಮ್ಮ ಎಣಿಸುತ್ತಿದ್ದಳು. ಕಳೆದ ವರ್ಷದ ಹೊತ್ತಿಗೆ ಇನ್ನೂರ ಹದಿನೇಳು. ಮೊಟ್ಟಮೊದಲು ಯಾವ ಕೂಸು ಎಂದು ಕೇಳಿದರೆ, "ನನ್ ಮಗ ಪ್ರಕಾಸ" ಎನ್ನುತ್ತಿದ್ದಳು. ಅದು ಸುಳ್ಳು. ಊರು ಅದನ್ನು ಮರೆತಿತ್ತು, ಪ್ರಕಾಶನಿಗೆ ಗೊತ್ತೇ ಇರಲಿಲ್ಲ.

ಪ್ರಕಾಶ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವನು. ಲೈಬ್ರರಿಗೆ ಬಂದ ಪುಸ್ತಕಗಳನ್ನು ಊರಿನಲ್ಲಿ ಓದುವವನು ಅವನೊಬ್ಬನೇ ಎಂದು ಜನ ಛೇಡಿಸುತ್ತಿದ್ದರು, ಅದರಲ್ಲಿ ಸುಳ್ಳಿರಲಿಲ್ಲ. ತರೀಕೆರೆಯಲ್ಲಿ ನಡೆಯುವ ಬೌದ್ಧ ಸಭೆಗಳಿಗೆ ಹೋಗುತ್ತಿದ್ದ. ಮನೆಯಲ್ಲಿ ಬುದ್ಧನ ಪಟ ಹಾಕಿದ್ದ. ಅದರ ಪಕ್ಕದಲ್ಲೇ ಅಂತರಘಟ್ಟಮ್ಮನ ಪಟವನ್ನು ಹುಚ್ಚಮ್ಮ ಹಾಕಿದ್ದಳು. ತಾಯಿ ಮಗನ ನಡುವೆ ಆ ವಿಷಯದಲ್ಲಿ ಜಗಳವಿರಲಿಲ್ಲ.

ಆ ಸಲ ದೀಪಾವಳಿ ಮುಗಿಯುವ ಮೊದಲೇ ಸೂರ್ಯಗ್ರಹಣ ಬಂತು. ಸಂಜೆ ಹೊತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಪ್ರಕಾಶ ಮತ್ತು ಅವನ ನಾಲ್ಕು ಗೆಳೆಯರು ಲೈಬ್ರರಿ ಮುಂದೆ ಮೇಜು ಹಾಕಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಸೌತೆಕಾಯಿ ಇಟ್ಟರು. ಗ್ರಹಣ ಹಿಡಿದಾಗ ಎಲ್ಲರೆದುರು ತಿಂದು ತೋರಿಸುವುದು, ಮೂಢನಂಬಿಕೆ ಬಿಡಿಸುವುದು ಎಂದು. ಪ್ರಕಾಶನ ಹೆಂಡತಿ ಕೋಮಲಾ ಲಿಂಗದಹಳ್ಳಿಯವಳು, ಡಿಗ್ರಿ ಓದಿದವಳು, ಆಗ ಐದು ತಿಂಗಳ ಬಸುರಿ. ಗಂಡನೇ ಅವಳ ಕೈಗೆ ಚಾಕು ಕೊಟ್ಟ. ಅವಳು ನಗುನಗುತ್ತ ಸೌತೆಕಾಯಿ ಹೆಚ್ಚಿ, ಉಪ್ಪು ಖಾರ ಹಚ್ಚಿ ತಿಂದಳು. ಯಾರೋ ಫೋಟೋ ತೆಗೆದರು. ಚಾಕು ಕಸಿದುಕೊಳ್ಳಲು ಹುಚ್ಚಮ್ಮ ಒಂದು ಹೆಜ್ಜೆ ಮುಂದಿಟ್ಟಳು, ಮಗನ ಮರ್ಯಾದೆ ಎಂದು ಹಿಂದೆ ಸರಿದಳು.

ಮಾರ್ಚ್ ತಿಂಗಳಲ್ಲಿ ತರೀಕೆರೆ ಆಸ್ಪತ್ರೆಯಲ್ಲಿ ಕೋಮಲಾ ಗಂಡು ಹೆತ್ತಳು. ನರ್ಸು ಕೂಸನ್ನು ತಂದು ಕೊಟ್ಟಾಗ ಹುಚ್ಚಮ್ಮ ಬಟ್ಟೆ ಸರಿಸಿ ನೋಡಿದಳು. ಮೇಲ್ತುಟಿ ಎಡಗಡೆ ಸೀಳಿತ್ತು. ಸೀಳು ಮೂಗಿನ ಹೊಳ್ಳೆಯವರೆಗೂ ಹೋಗಿತ್ತು. ಕೂಸು ಅಳಲು ಬಾಯಿ ತೆರೆದಾಗ ಒಳಗಿನ ಅಂಗುಳವೂ ಎರಡು ಪಾಲಾಗಿರುವುದು ಕಂಡಿತು.

ಅಲ್ಲಿದ್ದವರೆಲ್ಲ ಇಂಥದ್ದನ್ನು ಮೊದಲ ಸಲ ನೋಡುತ್ತಿದ್ದರು. ಹುಚ್ಚಮ್ಮ ಎರಡನೆಯ ಸಲ ನೋಡುತ್ತಿದ್ದಳು.

ಮೂವತ್ತೆಂಟು ವರ್ಷದ ಹಿಂದೆ ಅವಳ ಚೊಚ್ಚಲ ಹೆರಿಗೆಯಲ್ಲಿ ಹೆಣ್ಣು ಹುಟ್ಟಿತ್ತು. ಅದಕ್ಕೂ ಹೀಗೇ ಎಡಗಡೆ, ಮೂಗಿನವರೆಗೆ. ಚಿಕ್ಕಮ್ಮ ಎಂಬ ಸೂಲಗಿತ್ತಿ ಬಾಗಿಲು ಮುಂದಕ್ಕೆಳೆದು, "ಇದು ಉಳಿಯೋ ಕೂಸಲ್ಲ, ಯಾರ್ಗೂ ತೋರಿಸ್ಬ್ಯಾಡ" ಅಂದಳು. ಎಂಟು ದಿನ ಕತ್ತಲೆ ಕೋಣೆಯಲ್ಲಿ ತಾಯಿ ಮಗಳು ಇಬ್ಬರೇ. ಕೂಸಿಗೆ ಮೊಲೆ ಚೀಪಲು ಬರುತ್ತಿರಲಿಲ್ಲ. ಹುಚ್ಚಮ್ಮ ಹಿತ್ತಾಳೆಯ ಒಳಲೆಗೆ ಹಾಲು ಹಾಕಿ, ಅದರ ಮೂತಿಯನ್ನು ಕೂಸಿನ ಬಾಯಿಗಿಟ್ಟು ಸ್ವಲ್ಪಸ್ವಲ್ಪವೇ ಹೊಯ್ಯುತ್ತಿದ್ದಳು. ಹಾಲು ಮೂಗಿನಲ್ಲಿ ಬರುತ್ತಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಕೂಸು ಒಮ್ಮೆ ಕೆಮ್ಮಿತು, ನೀಲಿಯಾಯಿತು, ಆಮೇಲೆ ಅಲುಗಲಿಲ್ಲ. ಗಂಡ ಲಕ್ಷ್ಮಣಪ್ಪ ಕೆರೆ ಏರಿಯ ಹಿಂದೆ ಮಣ್ಣು ಮಾಡಿ ಬಂದು, "ಜ್ವರ ಬಂದು ಹೋಯ್ತು ಅಂದ್ಬಿಡು, ಇನ್ನೇನೂ ಹೇಳ್ಬ್ಯಾಡ" ಎಂದ. ಲಕ್ಷ್ಮಣಪ್ಪ ಅವಳಿಗೆ ಗಂಡನಾಗುವ ಮೊದಲು ಸೋದರಮಾವ, ಅವ್ವನ ಸ್ವಂತ ತಮ್ಮ. ಅವನ ಮಾತು ಮೀರುವ ಅಭ್ಯಾಸ ಅವಳಿಗಿರಲಿಲ್ಲ. ಚಿಕ್ಕಮ್ಮ ಸತ್ತು ಇಪ್ಪತ್ತು ವರ್ಷ, ಲಕ್ಷ್ಮಣಪ್ಪ ಸತ್ತು ಐದು ವರ್ಷ. ಈಗ ಆ ಎಡಗಡೆಯ ಸೀಳನ್ನು ನೋಡಿದ್ದವರು ಭೂಮಿಯ ಮೇಲೆ ಅವಳೊಬ್ಬಳೇ.

ಹೇಳಿಬಿಡಬಹುದಿತ್ತು. ಆಗಲೇ, ಅಲ್ಲೇ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಮೂವತ್ತೆಂಟು ವರ್ಷ ಮುಚ್ಚಿದ ಬಾಗಿಲನ್ನು ತಟಕ್ಕನೆ ತೆಗೆಯಲು ಯಾರಿಗೆ ತಾನೇ ಆಗುತ್ತದೆ?

ಮೂರನೆಯ ದಿನ ಇನ್ನೊಂದು ನಡೆಯಿತು. ಕೂಸಿಗೆ ಹಾಲು ಕುಡಿಸಲು ಹುಚ್ಚಮ್ಮ ವಾರ್ಡಿನ ನೆಲದ ಮೇಲೆ ಕೂತು, ರೂಢಿಯಂತೆ ಕಾಲು ನೀಡಿ, ಕೂಸನ್ನು ಅಂಗಾತ ಮಲಗಿಸಿಕೊಂಡು ಒಳಲೆ ಎತ್ತಿದಳು. ಶ್ರೀಜಾ ಎಂಬ ನರ್ಸು ಓಡಿಬಂದು ಕೈ ಹಿಡಿದಳು.

"ಅಯ್ಯೋ ಅಜ್ಜಿ, ಏನ್ ಮಾಡ್ತಿದೀರಾ! ಈ ಮಕ್ಕಳಿಗೆ ಮಲಗಿಸಿ ಕುಡಿಸಿದ್ರೆ ಹಾಲು ಶ್ವಾಸಕ್ಕೆ ಹೋಗುತ್ತೆ. ಎದೆಗೆ ಒರಗಿಸ್ಕೊಂಡು ಕೂರ್ಸಿ, ಕೂರ್ಸಿ ಕುಡಿಸ್ಬೇಕು."

"ಕೂರ್ಸಿದ್ರೆ ಸಾಕಾ?"

"ಸಾಕು. ನಿಧಾನಕ್ಕೆ ಕೊಡಿ, ಮಧ್ಯೆ ತೇಗು ಬರ್ಸಿ. ಎಷ್ಟು ಚೆನ್ನಾಗಿ ಕುಡಿಯುತ್ತೆ ನೋಡಿ."

ಶ್ರೀಜಾ ಕೂರಿಸಿ ಕುಡಿಸಿ ತೋರಿಸಿದಳು. ಕೂಸು ಗುಟುಕರಿಸಿತು. ಮೂಗಿನಲ್ಲಿ ಎರಡು ಹನಿ ಬಂದದ್ದು ಬಿಟ್ಟರೆ ಹಾಲೆಲ್ಲ ಹೊಟ್ಟೆಗೆ ಹೋಯಿತು. ಹುಚ್ಚಮ್ಮ ಎದ್ದು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ಆ ಎಂಟು ದಿನವೂ ಅವಳು ಮಗಳನ್ನು ಕಾಲ ಮೇಲೆ ಮಲಗಿಸಿಯೇ ಕುಡಿಸಿದ್ದಳು. ಊರಿನಲ್ಲಿ ಎಲ್ಲ ತಾಯಂದಿರೂ ಕುಡಿಸುವುದು ಹಾಗೆಯೇ. ಒಂದು ಸಲ, ಒಂದೇ ಒಂದು ಸಲ ಎತ್ತಿ ಕೂರಿಸಿದ್ದರೆ! ಅವಳಿಗೆ ಅಳು ಬರಲಿಲ್ಲ. ಮೋರಿಯ ಪಕ್ಕ ಹೋಗಿ ವಾಂತಿ ಮಾಡಿಕೊಂಡಳು. ಮುಚ್ಚಿಡಬೇಕಾದ ಗುಟ್ಟು ಈಗ ಎರಡಾಯಿತು.

ಕೂಸು ಮನೆಗೆ ಬರುವ ಹೊತ್ತಿಗೆ ಊರಿಗೆ ಸುದ್ದಿ ಮುಟ್ಟಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು. 'ಗ್ರಹಣ ಹಿಡಿದ ಕೂಸು' ಎಂದು ಅದಕ್ಕೆ ಹೆಸರೂ ಇಟ್ಟಾಗಿತ್ತು. ಎದುರು ಮನೆಯ ರುದ್ರಮೂರ್ತಿ ಊರಿನ ವಾಟ್ಸಾಪ್ ಗುಂಪಿಗೆ ಹಳೆಯ ಫೋಟೋ ಹಾಕಿದ. ಕೋಮಲಾ ನಗುತ್ತ ಸೌತೆಕಾಯಿ ಹೆಚ್ಚುತ್ತಿರುವ ಫೋಟೋ. ಒಂದಕ್ಷರ ಬರೆದಿರಲಿಲ್ಲ, ಕೆಳಗೆ ಕೈಮುಗಿದ ಗುರುತು ಮಾತ್ರ. ಸೀಳಿದ ತುಟಿಗೆ ಹೊಲಿಗೆ ಹಾಕುವ ಡಾಕ್ಟರಿದ್ದಾರೆ, ಊರ ಬಾಯಿಗೆ ಹೊಲಿಗೆ ಹಾಕುವವರು ಇನ್ನೂ ಹುಟ್ಟಿಲ್ಲ.

ಪ್ರಕಾಶ ಲೈಬ್ರರಿಗೆ ಹೋಗಿ ಬಂದು ಮಾಡುತ್ತಿದ್ದ, ಆದರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತರೀಕೆರೆಯ ಸಭೆಗೆ ಹೋಗುವುದು ನಿಂತಿತು. ಒಂದು ಸೋಮವಾರ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಹುಚ್ಚಮ್ಮನ ಕೈಗೆ ನಾಲ್ಕು ಕಾಳು ಅಕ್ಷತೆ ಸಿಕ್ಕಿತು. ಯಾವ ಊರಿಗೆ ಹೋಗಿ ಯಾವ ಶಾಂತಿ ಮಾಡಿಸಿ ಬಂದನೋ. ಮಗ ದೇವರಿಗೆ ಕೈಮುಗಿದನೆಂದು ಅವಳಿಗೆ ಬೇಸರವಿಲ್ಲ. ಕದ್ದು ಕೈಮುಗಿಯಬೇಕಾಯಿತಲ್ಲ, ಓದಿದ್ದನ್ನೆಲ್ಲ ಒಳಗೊಳಗೇ ಸುಟ್ಟುಕೊಂಡನಲ್ಲ ಎಂದೇ ಬೇಸರ.

ಕೋಮಲಾ ಕೂಸಿಗೆ ಹೊತ್ತು ಹೊತ್ತಿಗೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುತ್ತಿದ್ದಳು, ಆದರೆ ಅದರ ಮುಖ ನೋಡುತ್ತಿರಲಿಲ್ಲ. ಗೋಡೆ ನೋಡುತ್ತ ಕುಡಿಸುತ್ತಿದ್ದಳು. ಹುಚ್ಚಮ್ಮ ಅದನ್ನು ಬಾಣಂತಿಯ ದಣಿವು ಎಂದುಕೊಂಡಳು. ಕೂಸನ್ನು ಎರೆಯುವುದು ತನ್ನ ಪಾಲು ಎಂದು ದಿನಾ ಬೆಳಿಗ್ಗೆ ಬಚ್ಚಲಿಗೆ ಒಯ್ದು, ತನ್ನ ಕಾಲ ಮೇಲೆ ಹಾಕಿಕೊಂಡು, ನೀರು ಹೊಯ್ಯುವ ಸದ್ದಿನಲ್ಲಿ ಅದಕ್ಕೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಳು. "ನಿಮ್ಮತ್ತೆ ಒಬ್ಳಿದ್ಲು ಕಣೋ. ನಿನ್ ತರಾನೇ ಇದ್ಲು." ಕೇಳಬೇಕಾದವರ ಮುಂದೆ ಮಾತ್ರ ಬಾಯಿಗೆ ಬೀಗ. ಬಿಸಿತುಪ್ಪ ಬಾಯಿಗೆ ಬಿದ್ದ ಸ್ಥಿತಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಜೂನ್ ತಿಂಗಳಲ್ಲಿ ಕಡೂರಿನ ಸಮುದಾಯ ಭವನವೊಂದರಲ್ಲಿ ಸೀಳುತುಟಿ ಮಕ್ಕಳ ತಪಾಸಣೆ ಇತ್ತು. ಪ್ರಕಾಶ, ಕೋಮಲಾ, ಹುಚ್ಚಮ್ಮ ಮೂವರೂ ಕೂಸನ್ನು ಎತ್ತಿಕೊಂಡು ಬಸ್ಸಿಗೆ ಹೋದರು. ಅಲ್ಲಿ ಮೂವತ್ತು ನಲವತ್ತು ಮಕ್ಕಳು. ಸಿಂಗಟಗೆರೆಯಿಂದ ಬಂದ ಒಬ್ಬ ತಾಯಿ, ಹೊಲಿಗೆ ಹಾಕಿಸಿ ಎರಡು ವರ್ಷವಾದ ಮಗನ ತುಟಿಯನ್ನು ಎಲ್ಲರಿಗೂ ತೋರಿಸಿ, "ಎಲ್ಲೈತೆ ಹೇಳ್ರಿ ನೋಡಾನ" ಎಂದು ಪಂದ್ಯ ಕಟ್ಟಿದವಳಂತೆ ಓಡಾಡುತ್ತಿದ್ದಳು.

ಡಾಕ್ಟರಮ್ಮನ ಹೆಸರು ಹಂಸಾ. ಕೂಸನ್ನು ತೂಕ ಮಾಡಿಸಿ, "ನಾಲ್ಕು ಕೆಜಿ ಇದೆ. ಐದಾಗಲಿ, ತುಟಿ ಆಪರೇಷನ್ ಮಾಡೋಣ. ಅಂಗುಳಕ್ಕೆ ವರ್ಷ ತುಂಬುವಾಗ" ಎಂದರು. ಆಮೇಲೆ ಒಂದು ಹಾಳೆ ತೆಗೆದು ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತ ಮನೆತನದ ವಿಚಾರ ಕೇಳಿದರು. ಗರ್ಭಿಣಿಯಾಗಿದ್ದಾಗ ಮೂರ್ಛೆರೋಗದ ಮಾತ್ರೆ ತಗೊಂಡಿದ್ದಿರಾ, ಸಕ್ಕರೆ ಕಾಯಿಲೆ ಇತ್ತಾ, ಹೊಗೆಸೊಪ್ಪು, ಕಡ್ಡಿಪುಡಿ ಏನಾದರೂ? ಎಲ್ಲದಕ್ಕೂ ಕೋಮಲಾ ಇಲ್ಲವೆಂದು ತಲೆಯಾಡಿಸಿದಳು. ಫೋಲಿಕ್ ಆಸಿಡ್ ಮಾತ್ರೆ ಯಾವಾಗಿಂದ?

"ನಾಲ್ಕನೇ ತಿಂಗಳಿಂದ ಮೇಡಂ. ಮೂರು ತುಂಬೋವರೆಗೂ ಯಾರಿಗೂ ಹೇಳಬಾರದು ಅಂತ..." ಕೋಮಲಾ ಅತ್ತೆಯ ಕಡೆ ನೋಡಿದಳು. ಹಾಗೆ ಹೇಳಿಕೊಟ್ಟವಳು ಹುಚ್ಚಮ್ಮನೇ.

"ಎರಡೂ ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗೆ ತುಟಿ ಸೀಳಿದ್ದು ಇತ್ತಾ? ಹುಟ್ಟಿ ತೀರಿಕೊಂಡ ಮಕ್ಕಳು?"

ಡಾಕ್ಟರಮ್ಮ ನೇರವಾಗಿ ಹುಚ್ಚಮ್ಮನನ್ನೇ ನೋಡಿದರು.

"ಇಲ್ಲ ಕಣವ್ವಾ," ಅಂದಳು ಹುಚ್ಚಮ್ಮ. "ನಮ್ಮಲ್ಲಿ ಯಾರ್ಗೂ ಇಲ್ಲ."

ಆಗ ಕೋಮಲಾ ಕೇಳಿದಳು. ಮೂರು ತಿಂಗಳಿಂದ ಯಾರನ್ನೂ ಕೇಳದ ಮಾತನ್ನು ಅಪರಿಚಿತ ಹೆಂಗಸನ್ನು ಕೇಳಿದಳು. "ಮೇಡಂ, ನಾನು ಗ್ರಹಣದಲ್ಲಿ ಸೌತೆಕಾಯಿ ಹೆಚ್ಚಿದ್ದೆ. ಅದಕ್ಕೇನಾ?"

"ಅಲ್ಲಮ್ಮ. ಆಗ ನಿಮಗೆ ಎಷ್ಟು ತಿಂಗಳು?"

"ಐದು."

"ಎರಡನೇ ತಿಂಗಳಲ್ಲೇ ಮಗುವಿನ ತುಟಿ ಕೂಡಿ ಆಗುತ್ತೆ, ಮೂರನೇ ತಿಂಗಳಿಗೆ ಅಂಗುಳ. ನೀವು ಚಾಕು ಹಿಡಿಯೋ ಹೊತ್ತಿಗೆ ಇದೆಲ್ಲ ಮುಗಿದು ಹೋಗಿತ್ತು. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

"ಮತ್ತೆ ಯಾಕಾಯ್ತು?"

"ಒಂದೇ ಕಾರಣ ಅಂತ ಇರಲ್ಲ. ಸ್ವಲ್ಪ ರಕ್ತದಲ್ಲಿ ಬಂದಿರುತ್ತೆ, ಸ್ವಲ್ಪ ಹೊರಗಿಂದು ಸೇರುತ್ತೆ. ಬಿತ್ತನೆ ಬೀಜ ಒಂದು, ನೆಲದ ಹದ ಒಂದು, ಎರಡೂ ಕೂಡಿ ಪೈರು. ಮನೆಯಲ್ಲಿ ಯಾರಿಗೂ ಇಲ್ಲದೆಯೂ ಎಷ್ಟೋ ಮಕ್ಕಳಿಗೆ ಆಗುತ್ತೆ. ಯಾಕೆ ಅಂತ ನಮಗೂ ಹೇಳೋಕೆ ಆಗಲ್ಲ."

ಒಳ್ಳೆಯ ಡಾಕ್ಟರು, ಸುಳ್ಳು ಹೇಳಲಿಲ್ಲ. ಆದರೆ ಗೊತ್ತಿಲ್ಲ ಎಂಬ ಮಾತನ್ನು ಹಿಡಿದುಕೊಂಡು ಬದುಕಲು ಎಲ್ಲರಿಗೂ ಆಗುವುದಿಲ್ಲ. ಕೋಮಲಾ ತಲೆಯಾಡಿಸಿ, ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಕೂಸು ಹಸಿದು ಅಳುತ್ತಿತ್ತು. ಮರದ ಕೆಳಗಿನ ಕಟ್ಟೆಯ ಮೇಲೆ ಕೂತು ಕುಡಿಸತೊಡಗಿದಳು. ಕೂಸನ್ನು ಎದೆಗೆ ಒರಗಿಸಿ ಸೆರಗಿನಲ್ಲಿ ಬಿಗಿದುಕೊಂಡು ಎಡಗೈಯಲ್ಲಿ ಒಳಲೆ ಹಿಡಿದಿದ್ದಳು. ಒಳಲೆ ವಾಲಿ ಹಾಲು ಕೂಸಿನ ಕತ್ತಿಗೆ ಚೆಲ್ಲುತ್ತಿತ್ತು.

"ಬಲಗೈಲಿ ಹಿಡ್ಕೊ ಮಗಾ, ಚೆಲ್ಲೋಯ್ತದೆ," ಅಂದಳು ಹುಚ್ಚಮ್ಮ.

"ಬ್ಯಾಡಿ ಅತ್ತೆ. ಚಾಕು ಹಿಡಿದಿದ್ದು ಅದೇ ಕೈ."

ಆಮೇಲೆ ಅವಳು ಮೆಲ್ಲಗೆ ಹೇಳಿದಳು. ಹೆತ್ತ ದಿನದಿಂದ ಬಲಗೈಯಿಂದ ಕೂಸನ್ನು ಮುಟ್ಟಿಲ್ಲವಂತೆ. ಹಾಲು ಚೆಲ್ಲಿ ಚೆಲ್ಲಿಯೇ ತೂಕ ಏರಿಲ್ಲವೆಂದು ಅವಳಿಗೂ ಗೊತ್ತಂತೆ. "ಡಾಕ್ಟ್ರು ಹೇಳಿದ್ದು ಅರ್ಥ ಆಯ್ತು ಅತ್ತೆ, ನಾನೂ ಓದಿದೀನಿ. ಆದ್ರೆ ನಮ್ಮ ಮನೇಲೂ ಇಲ್ಲ, ನಿಮ್ಮ ಮನೇಲೂ ಇಲ್ಲ. ಇನ್ನೆಲ್ಲಿಂದ ಬಂತು?"

ಪ್ರಕಾಶ ಅತ್ತ ತಿರುಗಿ ನಿಂತಿದ್ದ.

ಹುಚ್ಚಮ್ಮ ಕೋಮಲಾಳ ಬಲಗೈ ಹಿಡಿದು ಎಬ್ಬಿಸಿದಳು. "ನಡಿ ಒಳೀಕೆ. ಪ್ರಕಾಸ, ನೀನೂ ಬಾ." ಸಾಲಿನಲ್ಲಿದ್ದವರು ಗದರಿದರೂ ಕೇಳದೆ ಡಾಕ್ಟರಮ್ಮನ ಮೇಜಿನ ಮುಂದೆ ಹೋಗಿ ನಿಂತಳು.

"ಆಗ್ಲೆ ಸುಳ್ಳು ಹೇಳ್ದೆ ಕಣವ್ವಾ. ನಂಗೊಂದು ಹೆಣ್ಣು ಹುಟ್ಟಿತ್ತು. ಈ ಪ್ರಕಾಸನಿಗಿಂತ ಮುಂಚೆ. ಅದ್ಕೂ ಇಂಗೇ ಸೀಳಿತ್ತು, ಇದೇ ಕಡೆ. ಆ ವರ್ಷ ಯಾವ ಗ್ರಹಣಾನೂ ಇರ್ಲಿಲ್ಲ. ಬಸುರೀಲಿ ಕಡ್ಡಿಪುಡಿ ಹಾಕ್ತಿದ್ದೆ. ಗಂಡ ನಮ್ಮವ್ವನ ತಮ್ಮ. ನಮ್ಮವ್ವಂಗೂ ನನಗಿಂತ ಮುಂಚೆ ಎಲ್ಡು ಹೋಗಿದ್ವು, ಯಾಕೆ ಅಂತ ಅವಳು ಯಾವತ್ತೂ ಬಾಯ್ಬಿಡ್ಲಿಲ್ಲ. ಎಲ್ಲಾ ಬರ್ಕೊ."

ಡಾಕ್ಟರಮ್ಮ ಹಾಳೆಯನ್ನು ಮತ್ತೆ ತೆಗೆದರು. ಪ್ರಕಾಶನ ಚೌಕದ ಪಕ್ಕ ಒಂದು ವೃತ್ತ ಎಳೆದು ಕಪ್ಪು ತುಂಬಿದರು, ತೀರಿಕೊಂಡ ಗುರುತಿಗೆ ಅದರ ಮೇಲೆ ಓರೆಗೆರೆ ಹಾಕಿದರು. ಮೇಲಿನ ಸಾಲಿನಲ್ಲಿ, ಹುಚ್ಚಮ್ಮನ ವೃತ್ತದ ಪಕ್ಕ, ಎರಡು ಪ್ರಶ್ನೆಚಿಹ್ನೆ. ಹುಟ್ಟಿದ ಮೂವತ್ತೆಂಟು ವರ್ಷಕ್ಕೆ ಆ ಕೂಸು ಮೊದಲ ಸಲ ಒಂದು ಕಾಗದದ ಮೇಲೆ ಬಂತು.

"ಹೆಸರು?"

"ಇಟ್ಟಿರ್ಲಿಲ್ಲ."

"ಹೇಗೆ ತೀರಿಕೊಂಡಿತು?"

ಜ್ವರ ಎಂದರೆ ಮುಗಿಯುತ್ತಿತ್ತು. ಕೋಮಲಾಳ ಕೈಗೆ ಬೇಕಾದದ್ದು ಸಿಕ್ಕಿಯಾಗಿತ್ತು, ಅದಕ್ಕಿಂತ ಹೆಚ್ಚು ಯಾರೂ ಕೇಳುತ್ತಿರಲಿಲ್ಲ. ಆದರೆ ಹುಚ್ಚಮ್ಮನಿಗೆ ಇನ್ನು ಅರ್ಧ ಹೇಳಿ ಅರ್ಧ ಇಟ್ಟುಕೊಳ್ಳಲು ಶಕ್ತಿ ಇರಲಿಲ್ಲ.

"ನಾನೇ. ಕಾಲ್ ಮೇಲೆ ಮಲಗಿಸ್ಕೊಂಡು ಕುಡಿಸ್ದೆ. ಕೂರಿಸ್ಬೇಕು ಅಂತ ಗೊತ್ತಿರ್ಲಿಲ್ಲ."

"ನಿಮಗೆ ಆಗ ಯಾರೂ ಹೇಳಿಕೊಟ್ಟಿರಲಿಲ್ಲ ಅಮ್ಮ, ನಿಮ್ಮ ತಪ್ಪಲ್ಲ" ಎಂದರು ಡಾಕ್ಟರಮ್ಮ. ಸರಿಯಾದ ಮಾತು. ಅದರಿಂದ ಯಾರಿಗೂ ಸಮಾಧಾನ ಸಿಗಲಿಲ್ಲ.

ಪ್ರಕಾಶ ಗೋಡೆಗೊರಗಿ ಕೂತುಬಿಟ್ಟ. "ಅವ್ವ, ನಂಗೆ ಅಕ್ಕ ಇದ್ಲಾ?" ಅಂದ, ಅಷ್ಟೇ. ಕೋಮಲಾ ಅಳಲಿಲ್ಲ, ಕೂಗಾಡಲಿಲ್ಲ. ಕೂಸನ್ನು ಬಲಗೈಗೆ ಬದಲಿಸಿಕೊಂಡಳು. ಅತ್ತೆಯನ್ನು ನೋಡಿ, "ಮೂರು ತಿಂಗಳು ಅತ್ತೆ," ಅಂದಳು. "ಮೂರು ತಿಂಗಳು ನನ್ನನ್ನ ಹಿಂಗೇ ನೋಡ್ಕೊಂಡ್ ಇದ್ರಿ."

ವಾಪಸು ಬರುವ ಬಸ್ಸಿನಲ್ಲಿ ಗಂಡ ಹೆಂಡತಿ ಮುಂದಿನ ಸೀಟಿನಲ್ಲಿ, ಹುಚ್ಚಮ್ಮ ಹಿಂದೆ.

ಮಾರನೆಯ ದಿನ ಬೆಳಿಗ್ಗೆ ಹುಚ್ಚಮ್ಮ ಏಳುವ ಹೊತ್ತಿಗೆ ಒಲೆ ಹೊತ್ತಿತ್ತು. ಬಚ್ಚಲಲ್ಲಿ ಕೋಮಲಾ ಕಾಲು ನೀಡಿ ಕೂತು ಕೂಸನ್ನು ತಾನೇ ಎರೆಯುತ್ತಿದ್ದಳು. ಬೇಡ ಎಂದು ಯಾರೂ ಹುಚ್ಚಮ್ಮನಿಗೆ ಹೇಳಲಿಲ್ಲ, ಕರೆಯಲೂ ಇಲ್ಲ. ನೀರು ಬಿಸಿ ಹೆಚ್ಚಾಗಿರಬೇಕು, ಕೂಸು ಚೀರುತ್ತಿತ್ತು. ಹುಚ್ಚಮ್ಮ ಜಗಲಿಯ ಮೇಲೆ ಸೆರಗು ಕಿವಿಗೆ ಒತ್ತಿಕೊಂಡು ಕೂತಳು. ಆಮೇಲೆ ಬೇರೆ ಮನೆಯವರು ಕರೆದರೂ ಅವಳು ಹೋಗಲಿಲ್ಲ. ಮಂಡಿನೋವು ಎಂದಳು. ಇನ್ನೂರ ಹದಿನೇಳಕ್ಕೆ ಲೆಕ್ಕ ನಿಂತಿತು.

ಕೂಸು ಒಂದೂವರೆ ತಿಂಗಳಲ್ಲಿ ಐದು ಕೆಜಿ ದಾಟಿತು. ಆಗಸ್ಟಿನಲ್ಲಿ ತುಟಿಗೆ ಹೊಲಿಗೆ ಬಿತ್ತು. ಪ್ರಕಾಶ ಊರಿನ ಗುಂಪಿಗೆ ಮಗನ ಹೊಸ ಫೋಟೋ ಹಾಕಿ, ಕೆಳಗೆ ನಾಲ್ಕು ಸಾಲು ಬರೆದ. ತನಗೊಬ್ಬ ಅಕ್ಕ ಇದ್ದಳೆಂದೂ ಬರೆದ. ರುದ್ರಮೂರ್ತಿ ಆ ಸೌತೆಕಾಯಿ ಫೋಟೋವನ್ನು ತನ್ನ ಫೋನಿನಿಂದ ಅಳಿಸಿದನಂತೆ.

ಒಂದು ಮಧ್ಯಾಹ್ನ ಕೋಮಲಾ ನಡುಮನೆಯಲ್ಲಿ ಕೂಸನ್ನು ತೊಡೆಯ ಮೇಲೆ ಎದುರಿಗೆ ಕೂರಿಸಿಕೊಂಡು ಅದರ ಮುಖವನ್ನೇ ನೋಡುತ್ತಿದ್ದಳು. ಕಣ್ಣು ಪ್ರಕಾಶನದು, ಹುಬ್ಬು ತನ್ನ ತಂದೆಯದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹುಚ್ಚಮ್ಮ ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದಳು. ಎರಡು ತಿಂಗಳಿಂದ ಬೇಕಾದ್ದಕ್ಕಷ್ಟೇ ಮಾತಾಡುತ್ತಿದ್ದ ಸೊಸೆ ತಟಕ್ಕನೆ ಇತ್ತ ತಿರುಗಿ ಕೇಳಿದಳು.

"ಅತ್ತೆ, ಆ ಮಗು ಯಾರ್ ತರ ಇತ್ತು? ನಿಮ್ ತರಾನಾ, ಮಾವನ ತರಾನಾ?"

ಹುಚ್ಚಮ್ಮನ ಕೈ ಮೊರದಲ್ಲೇ ನಿಂತಿತು.

"ಎಂಟು ದಿನಾನೂ ಅದರ ಬಾಯೊಂದನ್ನೇ ನೋಡ್ದೆ ಕಣವ್ವಾ," ಅಂದಳು. "ಮುಖ ನೋಡ್ಲೇ ಇಲ್ಲ."